ಚಕ್ರದ ಮೇಲಿನ ಅಂಗೈ

ಹೊಲಿಗೆ ಯಂತ್ರ ಬಿರುಸಾಗಿ ಓಡುತ್ತಿದ್ದಾಗಲೇ ಮಗ್ಗುಲಲ್ಲಿದ್ದ ಫೋನು ನಡುಗಿತು. ಅವಳು ಅತ್ತ ನೋಡಲಿಲ್ಲ. ಅವಳ ಬೈಪೋಲಾರ್ ಕಾಯಿಲೆಗೆಂದು ಡಾಕ್ಟರು ಫೋನಿಗೆ ಹಾಕಿಕೊಟ್ಟ ಆ್ಯಪು ಅದು; ನಿದ್ದೆ ಕಡಿಮೆಯಾಗಿ ಹುರುಪು ಮಿತಿಮೀರಿದರೆ ಎಚ್ಚರಿಸುತ್ತಿತ್ತು.

"ಅಕ್ಕಾ, ಈ ಅಂಗಿಗೆ ಎರಡೂ ಬಲತೋಳೇ ಇಟ್ಟಿದ್ದೀಯಲ್ಲ," ಎಂದಳು ಗುಂಡಿ ಹಚ್ಚುತ್ತಿದ್ದ ತಂಗಿ.

"ಬಿಚ್ಚಿ ಹೊಲಿದರಾಯ್ತು ಬಿಡು. ಇವತ್ತು ಕೈ ತಾನಾಗೇ ಓಡ್ತಿದೆ."

"ಓಡ್ತಿದೆ, ಸರಿ. ರಾತ್ರಿ ಕಣ್ಣು ಮುಚ್ಚಿದ್ಯಾ?"

ಅಮ್ಮ ಇದ್ದಾಗ ಹೀಗೆ ಕೇಳಬೇಕಾಗಿಯೇ ಇರಲಿಲ್ಲ. ಅಡುಗೆಮನೆಯಲ್ಲಿದ್ದವಳಿಗೆ ಯಂತ್ರದ ಸದ್ದೇ ಸಾಕಿತ್ತು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು, ತಿರುಗುವ ಚಕ್ರದ ಮೇಲೆ ಮೆಲ್ಲಗೆ ಅಂಗೈ ಇಡುತ್ತಿದ್ದಳು. ಬೈಯುತ್ತಿರಲಿಲ್ಲ. ಚಕ್ರ ನಿಲ್ಲುವವರೆಗೂ ಕೈ ತೆಗೆಯುತ್ತಲೂ ಇರಲಿಲ್ಲ.

ಫೋನು ಮತ್ತೆ ನಡುಗಿತು. ಅದರ ಬಾಯಿ ಮುಚ್ಚಿಸಲೆಂದು ಬೆರಳು ಚಾಚಿದವಳು ಪರದೆ ನೋಡಿ ಕೈ ತಡೆದಳು. ನೀವು ಯಾರ ಮಾತು ಕೇಳುತ್ತೀರೋ ಅವರ ಮಾತನ್ನೇ ಬರೆದಿಡಿ ಎಂದು, ಆರಾಮಾಗಿದ್ದ ದಿನಗಳಲ್ಲಿ ಆ್ಯಪು ಕೇಳಿತ್ತು. ಅಂದು ತಾನೇ ಬರೆದಿಟ್ಟ ಅಮ್ಮನ ಮಾತನ್ನು ಅವಳು ಮರೆತೇಬಿಟ್ಟಿದ್ದಳು.

"ಸಾಕು ಏಳು ಮಗಳೇ. ಬಟ್ಟೆ ಎಲ್ಲೂ ಓಡಿಹೋಗಲ್ಲ."

ಅವಳು ಪೆಡಲಿನಿಂದ ಕಾಲು ತೆಗೆದಳು. ಇನ್ನೂ ತಿರುಗುತ್ತಿದ್ದ ಚಕ್ರದ ಮೇಲೆ ತನ್ನದೇ ಅಂಗೈ ಇಟ್ಟಳು.