ಹಚ್ಚದ ಒಲೆ

"ಒಲೆಗೆ ಇಷ್ಟು ಸೌದೆ ತುಂಬು ಅಂತ ಯಾರೇ ಹೇಳಿದ್ದು ನಿಂಗೆ? ನನ್ನನ್ನೇ ಸುಡ್ಬೇಕು ಅಂತಿದ್ದೀಯಾ?" ಬೇಕರಿಯವನು ನಾದುತ್ತಿದ್ದ ಹಿಟ್ಟನ್ನು ಹೆಂಡತಿಯ ಮುಂದೆ ರಪ್ಪನೆ ಎಸೆದ. ಬೆವರಿಗೆ ಬನಿಯನ್ನು ಮೈಗೆ ಅಂಟಿಕೊಂಡಿತ್ತು. ಈಚೆಗಂತೂ ಕೋಪ ಮೂಗಿನ ತುದಿಯಲ್ಲೇ.

ಅವಳು ಅವನ ಕೈ ಹಿಡಿದೆಳೆದು ಒಲೆಯೊಳಗೆ ತುರುಕಿದಳು. ಕಲ್ಲು ತಣ್ಣಗಿತ್ತು. ಬೆಂಕಿಯನ್ನು ಇನ್ನೂ ಹಚ್ಚೇ ಇರಲಿಲ್ಲ.

"ಡಾಕ್ಟರು ಹೇಳಿದ್ರಲ್ಲ, ವಯಸ್ಸಿಗೆ ನಿಮ್ಮ ಹಾರ್ಮೋನು ಇಳಿದಿದೆ, ಅದಕ್ಕೇ ಈ ಬಿಸಿ, ಈ ಸಿಡುಕು ಅಂತ."

"ಅವನ ತಲೆ! ಅದೆಲ್ಲ ಹೆಂಗಸರಿಗೆ ಬರೋದು," ಎಂದನಾದರೂ ದನಿಯಲ್ಲಿ ಕಸುವಿರಲಿಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಅವಳೂ ಹೀಗೇ ಬೆಂದು ಬೀಸಣಿಗೆ ಹಿಡಿದು ಕೂತಾಗ, 'ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ' ಎಂದು ಗಿರಾಕಿಗಳೆದುರೇ ಹಂಗಿಸಿದ್ದ. ಈಗ ಇನ್ನೊಂದು ಬಿಸಿ ಅಲೆ ಎದೆಯಿಂದ ಮುಖಕ್ಕೇರಿತು. ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ.

"ನಿನ್ನ ಆ ಬೀಸಣಿಗೆ ಎಲ್ಲೇ? ಕೊಡು ಇಲ್ಲಿ."

"ಒಲೆಯೊಳಗೆ ಹುಡುಕಿ," ಎಂದಳು ಅವಳು, ಸೌದೆಗೆ ಕಡ್ಡಿ ಗೀರುತ್ತಾ. "ಅವತ್ತು ನನ್ನ ಕೈಯಿಂದ ಕಿತ್ಕೊಂಡು ಅಲ್ಲಿಗೇ ಅಲ್ವಾ ನೀವು ಹಾಕಿದ್ದು?"