ನೆನೆಸಿಕೊಂಡವರು ಯಾರು?

ಶಕ್ತಿಮಾತ್ರೆ ನುಂಗಿದ ಕಬಡ್ಡಿ ಆಟಗಾರರು ಅಂಕಣದಲ್ಲೇ ಎದೆ ಹಿಡಿದುಕೊಂಡು ಬೀಳತೊಡಗಿದ ಮೇಲೆ, ಆ ಮಾತ್ರೆಗೆ ಬಿಕ್ಕಳಿಕೆ ಬರಿಸುವ ಮದ್ದು ಬೆರೆಸಲೇಬೇಕೆಂದು ಸರ್ಕಾರ ಕಾನೂನು ಮಾಡಿತು. ನುಂಗಿದವನಿಗೆ ಸಂಜೆವರೆಗೂ ಬಿಕ್ಕಳಿಕೆ. ಇನ್ನು ಉಸಿರು ಬಿಡದೆ 'ಕಬಡ್ಡಿ ಕಬಡ್ಡಿ' ಅನ್ನುವುದು ಹೇಗೆ? ಕಳ್ಳಾಟ ಮುಕ್ಕಾಲು ಪಾಲು ನಿಂತೇಹೋಯಿತು.

ಆದರೂ ಮದ್ದೂರಿನ ಫೈನಲ್ಲಿನಲ್ಲಿ ನಂಜೇಗೌಡ ಗೂಳಿಯ ಹಾಗೆ ನುಗ್ಗಿದ. "ಕಬಡ್ಡಿ, ಕಬಡ್ಡಿ, ಕಬ... ಹಿಕ್!"

ರೆಫ್ರಿ ಪುಟ್ಟಮಾದಪ್ಪ ಸೀಟಿ ಊದಿದರು. "ಮಾತ್ರೆ ನುಂಗಿದ್ದೀಯೇನಪ್ಪಾ?"

"ಅಯ್ಯೋ, ಇಲ್ಲ ಸಾರ್! ಊರಲ್ಲಿ ನಮ್ಮವ್ವ ನೆನೆಸ್ಕೊಂಡಿರ್ಬೇಕು... ಹಿಕ್!"

ಮುಂದಿನ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅವನ ಅವ್ವ ಚಿಕ್ಕತಾಯಮ್ಮ ಕೂತಲ್ಲಿಂದಲೇ ಗದರಿದಳು.

"ನಾನಿಲ್ಲೇ ಕುಂತಿವ್ನಲ್ಲೋ ಮುಂಡೇದೇ! ಬಾ ಈಚೆಗೆ, ನೀರು ಕುಡಿ. ನಿನ್ನ ನೆನೆಸ್ಕೊಂಡಿರೋನು ಯಮ!"