ಬದು ಮುಟ್ಟುವವರೆಗೆ

ಕೆಸರುಗದ್ದೆಯ ವಾಸನೆ ಬಂದರೆ ಈಗಲೂ ಎಮ್ಮಿಗನೂರಿನ ಗಂಗಮ್ಮ ನೆನಪಾಗುತ್ತಾಳೆ. ಭತ್ತ ನಾಟಿ ಮಾಡುವ ಹೆಂಗಸರಿಗೆ ಆಕೆ ಹಿಂದಿನ ದಿನದ ಟಿ.ವಿ. ಧಾರಾವಾಹಿಯ ಕಥೆ ಹೇಳುತ್ತಿದ್ದಳು. ಸಾಲು ಬದು ಮುಟ್ಟಿದಾಗಲೇ ಕಥೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ಯಾರೂ ಸೊಂಟ ನೆಟ್ಟಗೆ ಮಾಡುತ್ತಿರಲಿಲ್ಲ.

ಕಾಲುವೆ ನೀರು ನಿಲ್ಲುವ ಮುನ್ನ ಗದ್ದೆ ಮುಗಿಸಬೇಕಿದ್ದ ಆ ಮಧ್ಯಾಹ್ನ, ಹಿಂದಿನ ರಾತ್ರಿ ಧಾರಾವಾಹಿ ನೋಡಿದ್ದ ನಾನು ಅರ್ಧ ಸಾಲಿನಲ್ಲೇ ಅದರ ಕೊನೆ ಬಾಯಿಬಿಟ್ಟೆ: "ಕಳ್ಕೊಂಡ ಮಗಳು ಸಿಗ್ತಾಳ!"

ಎಲ್ಲರೂ ಕೆಲಸ ಬಿಟ್ಟು ನೆಟ್ಟಗಾದರು.

"ಹೋತಲ್ಲೇ, ಇನ್ನೇನೈತಿ ಕೇಳಾಕ!" ಅವ್ವ ಬೈದಳು.

ಗಂಗಮ್ಮ ತಲೆ ಎತ್ತಲಿಲ್ಲ. "ಸಿಗ್ತಾಳ, ಖರೇ. ಆದ್ರ ತಾಯೀನ ಅವ್ವ ಅಂತಾಳೇನು? ಅದನ್ನ ಕೇಳ್ರಿ."

ಒಬ್ಬೊಬ್ಬರಾಗಿ ಮತ್ತೆ ಬಗ್ಗಿದರು. ಬದುವಿನ ಪಕ್ಕ ಕೊನೆಯ ಸಸಿ ಊರಿದಾಗ ಕಥೆಯ ಮಗಳು "ಅವ್ವಾ" ಎಂದಳು. ನಮ್ಮವ್ವ ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡಳು.

ಟಿ.ವಿ.ಯಲ್ಲಿ ಮಗಳು ಆ ಮಾತು ಆಡಿರಲೇ ಇಲ್ಲ. ಈ ಸಲ ನಾನು ಸುಮ್ಮನಿದ್ದೆ.